ರೆಕ್ಕೆಯ ಮೂತಿ ಹಿಡಿಯಲು ಒಬ್ಬರು ಬೇಕು

ಮಾನ್ಯ ಗುಡ್ಡ ಸುರಕ್ಷತಾ ಅಧಿಕಾರಿಗಳೇ,

ನನ್ನ ಹೆಂಡತಿ ಬೆಟ್ಟದಿಂದ ಬೀಳದಿರಲೆಂದು ತಾವು ಮಾಡಿದ ನಿಯಮದಿಂದಲೇ ಅವಳು ಬೆಟ್ಟದಿಂದ ಬಿದ್ದಳು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಏಕೆಂದರೆ ತಮ್ಮ ಕಚೇರಿಗೆ ನಾನು ಹಿಂದೆ ಕೊಟ್ಟ ಅರ್ಜಿಗಳಲ್ಲಿ ವಿಷಯ ಎರಡನೇ ಪುಟದಲ್ಲಿತ್ತು, ಅಲ್ಲಿಯವರೆಗೆ ಯಾರೂ ತಲುಪಿದಂತೆ ಕಾಣಲಿಲ್ಲ. ಈ ಪತ್ರ ಪತ್ರಿಕೆಯಲ್ಲಿ ಬಂದರೆ ತಾವಲ್ಲದಿದ್ದರೂ ತಮ್ಮ ಮನೆಯವರಾದರೂ ಓದಿ, ಊಟದ ಹೊತ್ತಿಗೆ "ಇದು ನಿಮ್ಮ ಆಫೀಸಿನ ವಿಷಯ ಅಲ್ವಾ?" ಎಂದು ಕೇಳಬಹುದೆಂಬ ದೂರದ ಆಸೆ ನನ್ನದು. ಕೈಲಾಗದವನು ಮೈ ಪರಚಿಕೊಂಡನಂತೆ. ನಾನು ಕಾಗದ ಪರಚುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ನಾನು ಪೇಟೆಯ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ನನ್ನ ಹೆಂಡತಿ ಹಲ್ಲಿನ ಡಾಕ್ಟರು, ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಅವಳ ಕ್ಲಿನಿಕ್ಕು. ಮೇಲಿನಿಂದ ಕೊರೆಯುವ ಯಂತ್ರದ ಸದ್ದು ಕೇಳಿದರೆ ನನ್ನ ಗಿರಾಕಿಗಳು ಬಾಯಿ ಮುಚ್ಚಿಕೊಂಡು ಅಕ್ಷರ ಓದುತ್ತಾರೆ. ಅಂಗಡಿಯ ಮೇಲಿನ ಕಪಾಟಿನಿಂದ ಫ್ರೇಮಿನ ಪೆಟ್ಟಿಗೆ ಇಳಿಸಬೇಕಾದರೆ ಅವಳೇ ಬಂದು ಇಳಿಸಿಕೊಡಬೇಕು. ಏಕೆಂದರೆ ಸ್ಟೂಲು ಹತ್ತಲೂ ನನಗೆ ಭಯ. ಇಂಥ ನನ್ನನ್ನು ಕಟ್ಟಿಕೊಂಡ ಹೆಂಗಸಿಗೆ ರಜೆಯ ದಿನ ಮಾಡಲು ಸಿಕ್ಕ ಹವ್ಯಾಸ ಯಾವುದು ಗೊತ್ತೇ? ಹ್ಯಾಂಗ್ ಗ್ಲೈಡರ್ ಹಾರಿಸುವುದು.

ಅದೇನೆಂದು ಈ ಪತ್ರ ಓದುವ ಇತರರಿಗಾಗಿ ಹೇಳುತ್ತೇನೆ. ತಮಗೆ ಗೊತ್ತಿದೆ ಎಂದು ನಂಬುವುದು ನನ್ನ ಸೌಜನ್ಯ. ಉದ್ದನೆಯ ಚೀಲದೊಳಗೆ ಮಡಚಿಟ್ಟ ಅಲ್ಯೂಮಿನಿಯಂ ಕೊಳವೆಗಳು, ತಂತಿಗಳು ಮತ್ತು ಬಟ್ಟೆ. ಬೆಟ್ಟದ ಮೇಲೆ ಬಿಚ್ಚಿ ಹರಡಿ ಬಿಗಿದರೆ ಮನುಷ್ಯರನ್ನು ಹೊರುವ ರೆಕ್ಕೆ. ಇಂಜಿನ್ ಇಲ್ಲ. ರೆಕ್ಕೆಯ ನಡುವಿನ ಕೊಳವೆಯಿಂದ ಒಂದು ಗಟ್ಟಿ ಪಟ್ಟಿ ಇಳಿಬಿದ್ದಿರುತ್ತದೆ. ಹಾರುವವರು ಮೈಗೆ ತೊಟ್ಟ, ಪಟ್ಟಿಗಳ ಅಂಗಿಯಂಥ ಹಾರ್ನೆಸ್ಸಿನ ಬೆನ್ನಿನಲ್ಲಿ ಒಂದು ಕೊಂಡಿ ಇರುತ್ತದೆ. ಈ ಕೊಂಡಿಯನ್ನು ಆ ಪಟ್ಟಿಗೆ ಸಿಕ್ಕಿಸಬೇಕು. ಆಮೇಲೆ ಕೆಳಗಿನ ತ್ರಿಕೋನದ ಕಂಬಿ ಹಿಡಿದು ಗಾಳಿಗೆ ಎದುರಾಗಿ ಇಳಿಜಾರಿನಲ್ಲಿ ಓಡಿದರೆ ರೆಕ್ಕೆ ಎತ್ತಿಕೊಳ್ಳುತ್ತದೆ, ಹಾರುವವರು ಬೋರಲು ಮಲಗಿದಂತೆ ತೂಗುತ್ತಾರೆ. ಕೈ ಇರುವುದು ದಿಕ್ಕು ತಿರುಗಿಸಲು. ಮೈಭಾರ ಹೊರುವುದು ಆ ಒಂದೇ ಒಂದು ಕೊಂಡಿ. ಅದನ್ನು ಸಿಕ್ಕಿಸಿರದಿದ್ದರೂ ಓಟ ಹಾಗೇ ಇರುತ್ತದೆ, ರೆಕ್ಕೆ ಹಾಗೇ ಏಳುತ್ತದೆ. ಕಾಲು ನೆಲ ಬಿಟ್ಟ ಮೇಲಷ್ಟೇ ಗೊತ್ತಾಗುವುದು.

ಆದ್ದರಿಂದ ಈ ಜನ ಬಹಳ ಕಟ್ಟುನಿಟ್ಟಿನವರು. ರೆಕ್ಕೆಯ ಬಟ್ಟೆಯೊಳಗೆ ಕಡ್ಡಿಗಳನ್ನು ನಡುವಿನಿಂದ ತುದಿಯ ಕಡೆಗೆ ಒಂದೊಂದಾಗಿ ತೂರಿಸಬೇಕು. ಎಡದ ಕಡ್ಡಿ ಬಲಕ್ಕೆ ಹೋಗಬಾರದು. ಪ್ರತಿ ತಂತಿಯ ಮೇಲೂ ಬೆರಳಾಡಿಸಿ ಎಳೆ ಬಿಚ್ಚಿದೆಯೇ ನೋಡಬೇಕು. ಪ್ರತಿ ನಟ್ಟಿಗೂ ಅದರ ಪಿನ್ನು ಇದೆಯೇ ಮುಟ್ಟಿ ನೋಡಬೇಕು. ಮೂತಿಯಿಂದ, ಅಂದರೆ ರೆಕ್ಕೆಯ ಮುಂದಿನ ಚೂಪು ತುದಿಯಿಂದ, ಹೊರಟು ಒಂದು ಸುತ್ತು ಬಂದು ಮತ್ತೆ ಮೂತಿಗೆ ಸೇರಬೇಕು. ನಡುವೆ ಯಾರಾದರೂ ಮಾತಾಡಿಸಿದರೋ, ಮೂತಿಯಿಂದ ಮತ್ತೆ ಶುರು. ಮೊದಮೊದಲು ಇದು ತಿಳಿಯದೆ ನಾನು "ಬಾಯಾರಿಕೆ ಆಗ್ತಿದ್ಯಾ?" ಎಂದು ಕೇಳಿದ್ದೆ. ಬೆರಳು ಕಚ್ಚಿದ ರೋಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, ಮೂತಿಗೆ ವಾಪಸ್ಸು ಹೋದಳು.

ಅವಳಿಗೆ ಹಾರಲು ಕಲಿಸಿದ ಹಿರಿಯರನ್ನು ಬೆಟ್ಟದಲ್ಲಿ ಎಲ್ಲರೂ ಹದ್ದಜ್ಜ ಎನ್ನುತ್ತಾರೆ. ಅವರ ಶಿಷ್ಯರಲ್ಲಿ ಒಂದು ಪದ್ಧತಿ ಇದೆ. ಹಾರ್ನೆಸ್ಸನ್ನು ಮೊದಲು ರೆಕ್ಕೆಗೆ ಸಿಕ್ಕಿಸಿಬಿಡುವುದು, ಆಮೇಲೆ ಹಾರುವವರು ಅದರೊಳಗೆ ತೂರಿಕೊಳ್ಳುವುದು. ನಡುವೆ ಏನೇ ಬರಲಿ, ಕೊಂಡಿ ಬಿಚ್ಚುವಂತಿಲ್ಲ. "ಹಾರ್ನೆಸ್ಸು ರೆಕ್ಕೇದು ಕಣಮ್ಮಾ, ನಿನ್ನದಲ್ಲ" ಎನ್ನುತ್ತಿದ್ದರು ಹದ್ದಜ್ಜ. "ಎಲ್ಲಿಗಾದ್ರೂ ಹೋಗ್ಬೇಕಾ, ಅದನ್ನ ರೆಕ್ಕೇಲೇ ಬಿಟ್ಟು ಹೋಗು. ಮೈ ಬರ್ಲಿ, ಹಾರ್ನೆಸ್ ಬರಬಾರ್ದು." ಮೇಲುನೋಟಕ್ಕೆ ಮುದುಕರ ಹಟದಂತೆ ಕಾಣುವ ಈ ಮಾತಿನಲ್ಲಿ ಲೆಕ್ಕಾಚಾರ ಇದೆ. ಮೈಮೇಲೆ ಹಾರ್ನೆಸ್ ಇದ್ದರೆ ಅದು ರೆಕ್ಕೆಗೆ ಸಿಕ್ಕಿಯೇ ಇರುತ್ತದೆ. ಇಲ್ಲದಿದ್ದರೆ ಮೈಮೇಲೆ ಹಾರ್ನೆಸ್ಸೇ ಇರುವುದಿಲ್ಲ, ಹಾಗೆ ಬರಿಮೈಯಲ್ಲಿ ಓಡುವಷ್ಟು ಮರೆವು ಯಾರಿಗೂ ಇಲ್ಲ.

ಇದೆಲ್ಲ ಆದ ಮೇಲೆ ನನ್ನ ಕೆಲಸ. ಜಿಗಿಯುವ ಕಟ್ಟೆಯ ಅಂಚಿನಿಂದ ಸ್ವಲ್ಪ ಹಿಂದೆ ನಾನು ರೆಕ್ಕೆಯ ಮುಂದೆ ನಿಂತು, ಮೂತಿಯ ಎರಡು ತಂತಿಗಳನ್ನು ಹಿಡಿಯುತ್ತಿದ್ದೆ. ಕಣಿವೆಗೆ ಬೆನ್ನು ಹಾಕಿ ನಿಂತರೆ ಕಣಿವೆ ಇರುವುದಿಲ್ಲ, ಹೆಂಡತಿಯ ಮುಖ ಮಾತ್ರ ಇರುತ್ತದೆ. ಹಾಗಾಗಿ ನನ್ನಂಥವನಿಗೂ ಆ ಜಾಗ ಒಗ್ಗಿಹೋಗಿತ್ತು. "ಸಿಕ್ಕಿಸ್ಕೊಂಡ್ಯಾ?" ಎಂದು ಕೇಳುತ್ತಿದ್ದೆ. "ಸಿಕ್ಕಿಸ್ಕೊಂಡೆ" ಎನ್ನುತ್ತಿದ್ದಳು. "ಮಲಗು, ನೋಡೋಣ" ಎನ್ನುತ್ತಿದ್ದೆ. ನಾನು ಮೂತಿ ಹಿಡಿದಿರುವಾಗ ಅವಳು ಪೂರ್ತಿ ಭಾರ ಬಿಟ್ಟು ಬೋರಲು ತೂಗಿ ತೋರಿಸುತ್ತಿದ್ದಳು. ಮನೆಯಲ್ಲಿ ನನ್ನ ಒಂದು ಮಾತನ್ನೂ ಕೇಳದವಳು ಅಲ್ಲಿ ಮಾತ್ರ ತಕರಾರಿಲ್ಲದೆ ಕೇಳುತ್ತಿದ್ದಳು. ಪಟ್ಟಿ ಬಿಗಿಯಾಗಿದೆ, ತಿರುಚಿಲ್ಲ, ಎದೆಗೂ ಕಂಬಿಗೂ ನಡುವೆ ಜಾಗ ಇದೆ, ಕಾಲಿನ ಪಟ್ಟಿಗಳನ್ನು ಹಾಕಿಕೊಂಡಿದ್ದಾಳೆ ಎಂದು ನೋಡಿಕೊಂಡು ನಾನು ಪಕ್ಕಕ್ಕೆ ಸರಿಯುತ್ತಿದ್ದೆ. ಅವಳು ಓಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆಮೇಲೆ ತಮ್ಮ ನಿಯಮ ಬಂತು. ಕಾರಣ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಫೋಟೋ ತೆಗೆಸಿಕೊಳ್ಳಲು ಕಟ್ಟೆ ಹತ್ತಿದ ಪ್ರವಾಸಿಯೊಬ್ಬರು ಹಿಂದೆ ಹಿಂದೆ ಸರಿಯುತ್ತಾ ಜಾರಿ ತೋಳು ಮುರಿದುಕೊಂಡರು. ಪತ್ರಿಕೆಗಳಲ್ಲಿ ಗಲಾಟೆಯಾಯಿತು, ತಾವು ಏನಾದರೂ ಮಾಡಲೇಬೇಕಾಯಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರಂತೆ. ತಾವು ಕಟ್ಟೆಯಿಂದ ಬಹಳ ಹಿಂದೆ ಒಂದು ಹಳದಿ ಹಗ್ಗ ಕಟ್ಟಿಸಿದಿರಿ. ಪ್ರವಾಸಿಗಳ ಜೊತೆಗೆ ತಂತಿ ಹಿಡಿಯುವವರೂ ಹಗ್ಗದ ಆಚೆ ಹೋದರು. ಕಟ್ಟೆಯ ಮೇಲೆ ಒಮ್ಮೆಗೆ ಒಬ್ಬರೇ ಪೈಲಟ್ ಎಂದಾದ್ದರಿಂದ ಹಾರುವವರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದೂ ನಿಂತಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಹದ್ದಜ್ಜನ ಪದ್ಧತಿಯಾದರೂ ಉಳಿಯುತ್ತಿತ್ತು. ಆದರೆ ತಾವು ಒಂದು ತಪಾಸಣಾ ಕೌಂಟರನ್ನೂ ತೆರೆದಿರಿ. ರೆಕ್ಕೆ ಸಜ್ಜಾದ ಮೇಲೆ, ಜಿಗಿಯುವ ಮುನ್ನ, ಪೈಲಟ್ ಹಾರ್ನೆಸ್ ಮತ್ತು ಹೆಲ್ಮೆಟ್ ಧರಿಸಿಕೊಂಡು ಖುದ್ದಾಗಿ ಅಲ್ಲಿಗೆ ಬಂದು, 'ಸುರಕ್ಷಿತ' ಎಂಬ ಚೀಟಿ ಅಂಟಿಸಿಕೊಂಡು ಹೋಗತಕ್ಕದ್ದು. ರೆಕ್ಕೆಯನ್ನೂ ಹೊತ್ತು ತಂದರೆ ಕೌಂಟರಿನ ಬಾಗಿಲಲ್ಲಿ ಹಿಡಿಸುವುದಿಲ್ಲ. ಅಂದರೆ ಏನಾಯಿತು? ಸಿಕ್ಕಿಸಿದ ಕೊಂಡಿಯನ್ನು ಬಿಚ್ಚಲೇಬೇಕು. ಯಾವುದನ್ನು ಮಾಡಲೇಬಾರದೆಂದು ಇವರು ಹಲ್ಲುಜ್ಜುವಷ್ಟು ಅಭ್ಯಾಸ ಮಾಡಿಕೊಂಡಿದ್ದರೋ, ಅದನ್ನು ಮಾಡಿದವರಿಗೆ ಮಾತ್ರ 'ಸುರಕ್ಷಿತ' ಚೀಟಿ.

ಆ ದಿನ ಗಾಳಿ ಚೆನ್ನಾಗಿತ್ತು. ಅವಳು ಎಂದಿನಂತೆ ಹಾರ್ನೆಸ್ಸನ್ನು ರೆಕ್ಕೆಗೆ ಸಿಕ್ಕಿಸಿದಳು, ಒಳಗೆ ತೂರಿಕೊಂಡಳು, ಎಲ್ಲವನ್ನೂ ಮುಟ್ಟಿ ನೋಡಿಕೊಂಡಳು. ಆಮೇಲೆ ಕೊಂಡಿ ಬಿಚ್ಚಿ ಕೌಂಟರಿಗೆ ನಡೆದಳು. ಅಲ್ಲಿ ಸಾಲು ಇತ್ತು. ಗಲ್ಲದ ಪಟ್ಟಿ ಎಳೆದು ನೋಡಿದರು, ಚೀಟಿ ಅಂಟಿಸಿದರು, ಹಲ್ಲುನೋವಿಗೆ ಲವಂಗ ಇಟ್ಟರೆ ಆಗುತ್ತದೆಯೇ ಎಂದೂ ಒಬ್ಬರು ಕೇಳಿದರಂತೆ. ಪಾಪ, ಹಲ್ಲಿನ ಡಾಕ್ಟರು ಸಿಕ್ಕರೆ ಯಾರು ಬಿಡುತ್ತಾರೆ? ಅವಳು ಉತ್ತರ ಹೇಳಿ ರೆಕ್ಕೆಯ ಹತ್ತಿರ ಬಂದಳು. ಮೈಮೇಲೆ ಹಾರ್ನೆಸ್ ಇದೆ. ಎಷ್ಟೋ ವರ್ಷಗಳಿಂದ ಅವಳ ಮಟ್ಟಿಗೆ ಅದರ ಅರ್ಥ ಒಂದೇ, ಸಿಕ್ಕಿಸಿ ಆಗಿದೆ. ಹೊಸಬರಾಗಿದ್ದರೆ ಬಹುಶಃ ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದರು. ಇವಳು ಶಿಸ್ತು ಕಲಿತವಳು, ಆ ಶಿಸ್ತೇ ಅವಳಿಗೆ ಮೋಸ ಮಾಡಿತು. ರೆಕ್ಕೆ ಎತ್ತಿಕೊಂಡು ಕಟ್ಟೆ ಹತ್ತಿದಳು.

ನಾನು ಹಗ್ಗದ ಹಿಂದೆ ನಿಂತಿದ್ದೆ. ರೆಕ್ಕೆಯನ್ನು ಗಾಳಿಗೆ ತಿರುಗಿಸುವಾಗ ಒಂದು ಕ್ಷಣ ಅವಳ ಬೆನ್ನು ಕಂಡಿತು. ರೆಕ್ಕೆಯ ಕೆಳಗಿನ ಪಟ್ಟಿ ಗಾಳಿಗೆ ಆಡುತ್ತಿತ್ತು. ಅದರ ತುದಿ ಖಾಲಿ ಇತ್ತು. ನನ್ನ ಕಣ್ಣು ಚೆನ್ನಾಗಿದೆ ಸ್ವಾಮಿ, ಅದರ ಬಗ್ಗೆ ಸಂಶಯ ಬೇಡ. ನಾನು ಕೂಗಿದೆ. ಗಾಳಿ ಕಣಿವೆಯಿಂದ ನಮ್ಮ ಕಡೆಗೆ ಬರುತ್ತಿತ್ತು, ನನ್ನ ದನಿಯನ್ನು ನನ್ನ ಹಿಂದಕ್ಕೇ ಹೊತ್ತುಕೊಂಡು ಹೋಯಿತು. ನಾನು ಹಗ್ಗ ಹಾರಿದೆ. ತಮ್ಮ ಕಾವಲಿನವರೊಬ್ಬರು ಹಿಂದಿನಿಂದ ನನ್ನ ಸೊಂಟ ತಬ್ಬಿ ಹಿಡಿದರು. "ದಾಟೋ ಹಾಗಿಲ್ಲ ಸಾರ್, ದಾಟೋ ಹಾಗಿಲ್ಲ, ನನ್ನ ಕೆಲಸ ಹೋಗುತ್ತೆ!" ನಾನು "ಕೊಂಡಿ! ಕೊಂಡಿ!" ಎಂದೆ. ಅವರಿಗೆ ಅದು ಯಾವ ಕೊಂಡಿ ಎಂದು ಹೇಗೆ ತಿಳಿಯಬೇಕು? ಅವರಿಗೆ ತಾವು ಹಗ್ಗ ಕಾಯಲು ಹೇಳಿದ್ದಿರಿ, ಕಾದರು. ನಮ್ಮಿಬ್ಬರ ಕುಸ್ತಿ ಮುಗಿಯುವ ಮೊದಲೇ ಅವಳು ಓಡಿದ್ದಳು.

ಆ ದಿನ ಮಾತ್ರ ನಾನು ಕಣ್ಣು ಮುಚ್ಚಲಿಲ್ಲ. ರೆಕ್ಕೆ ಎದ್ದಿತು, ಅವಳು ಬಟ್ಟೆಯ ಹಗ್ಗಕ್ಕೆ ಜೋತುಬಿದ್ದ ಒದ್ದೆ ಅಂಗಿಯ ಹಾಗೆ ಕಂಬಿಗೆ ಎರಡೂ ಕೈಯಿಂದ ಜೋತುಬಿದ್ದಿದ್ದಳು. ಕಾಲು ಎತ್ತಿ ಕಂಬಿಗೆ ಸಿಕ್ಕಿಸಲು ನೋಡಿದಳು, ಆಗಲಿಲ್ಲ. ಅವಳ ಭಾರಕ್ಕೆ ರೆಕ್ಕೆ ಮೂತಿ ತಗ್ಗಿಸಿ ಧಾವಿಸಿತು. ಕಟ್ಟೆಯ ಕೆಳಗೆ ಪೊದೆ ಬೆಳೆದ ಒಂದು ಚಾಚು ಇದೆ. ಅದರ ಮೇಲೆ ಬರುವಾಗ ಅವಳು ಕೈ ಬಿಟ್ಟಳು. ಬಿಟ್ಟದ್ದೋ ಜಾರಿದ್ದೋ ಎಂದು ನಾನು ಇವತ್ತಿಗೂ ಕೇಳಿಲ್ಲ. ಸೊಂಟದ ಮೂಳೆ ಬಿರುಕು ಬಿಟ್ಟಿತು, ಬಲಗೈ ಮಣಿಕಟ್ಟು ಮುರಿಯಿತು, ಒಳಗೆ ಲೋಹದ ಪಟ್ಟಿ ಹಾಕಿದ್ದಾರೆ. ರೆಕ್ಕೆ ಅವಳಿಲ್ಲದೆ ಇನ್ನೂ ಸ್ವಲ್ಪ ದೂರ ಹಾರಿ ಬಂಡೆಗೆ ಬಡಿಯಿತು.

ಆಸ್ಪತ್ರೆಯಲ್ಲಿ ಅವಳ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟರು. ತಮ್ಮ 'ಸುರಕ್ಷಿತ' ಚೀಟಿ ಒಂದು ಮೂಲೆಯೂ ಏಳದೆ ಅಂಟಿಕೊಂಡಿತ್ತು. ಒಳ್ಳೆಯ ಅಂಟು, ಎಲ್ಲಿಂದ ತರಿಸುತ್ತೀರಿ? ಅವಳಿಗೆ ಎಚ್ಚರವಾದಾಗ ಆಡಿದ ಮೊದಲ ಮಾತು, "ಸಿಕ್ಕಿಸಿದ್ದೆ ಕಣ್ರೀ. ನನಗೆ ಚೆನ್ನಾಗಿ ನೆನಪಿದೆ, ಸಿಕ್ಕಿಸಿದ್ದೆ." ಸುಳ್ಳಲ್ಲ ಮಾನ್ಯರೇ. ಸಿಕ್ಕಿಸಿದ್ದಳು. ತಮಗೋಸ್ಕರ ಬಿಚ್ಚಿದಳು. ಆ ಕಾವಲಿನವರೂ ಹಣ್ಣು ಹಿಡಿದುಕೊಂಡು ಬಂದಿದ್ದರು. ಮಂಚದ ಹತ್ತಿರ ಬರಲಾರದೆ ಬಾಗಿಲಲ್ಲೇ ನಿಂತು, "ನಾನು ಬಿಟ್ಟಿದ್ರೆ ತಲುಪ್ತಿದ್ರಾ ಸಾರ್?" ಎಂದು ಕೇಳಿದರು. ತಲುಪುತ್ತಿರಲಿಲ್ಲ ಎಂದೆ. ನಿಜ ನನಗೂ ಗೊತ್ತಿಲ್ಲ. ಆದರೆ ಆ ಮನುಷ್ಯನೂ ರಾತ್ರಿ ನಿದ್ದೆ ಮಾಡಬೇಕಲ್ಲ.

ತಮ್ಮ ವಿಚಾರಣೆ ಮುಗಿಯಿತು. 'ಪೈಲಟ್‌ನ ವೈಯಕ್ತಿಕ ಅಜಾಗರೂಕತೆ' ಎಂದು ತೀರ್ಮಾನವಾಯಿತು. ಪರಿಹಾರವೇನು? ಹಗ್ಗವನ್ನು ಇನ್ನಷ್ಟು ಹಿಂದಕ್ಕೆ ಕಟ್ಟಿದ್ದೀರಿ, ಚೀಟಿ ಎರಡಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಬರೆದು ಅಭ್ಯಾಸ ಮಾಡಿದ್ದೆ. ಅದಕ್ಕೊಂದು ಕಚೇರಿ ಇರುತ್ತದೆಂದು ಆಗ ಗೊತ್ತಿರಲಿಲ್ಲ.

ತಮ್ಮನ್ನು ಕಾಣಲು ನಾನು ಬಂದಿದ್ದೆ, ನೆನಪಿರಬಹುದು. ತಾವು ಕೂರಿಸಿದಿರಿ, ಚಹಾ ತರಿಸಿದಿರಿ, ಹೆಂಡತಿ ಹೇಗಿದ್ದಾರೆ ಎಂದು ನಿಜವಾಗಿಯೂ ಕೇಳಿದಿರಿ. ತಾವು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಬೈದು ಎದ್ದು ಬರುತ್ತಿದ್ದೆ. "ನೀವು ಪೈಲಟ್ಟಾ?" ಎಂದಿರಿ. ಅಲ್ಲ ಎಂದೆ. "ತರಬೇತಿ ಕೊಡೋರಾ?" ಅಲ್ಲ. "ಮತ್ತೆ ಕಟ್ಟೆ ಮೇಲೆ ನಿಮಗೇನು ಕೆಲಸ?" ತಂತಿ ಹಿಡಿದುಕೊಂಡು ಸಿಕ್ಕಿಸಿಕೊಂಡೆಯಾ ಎಂದು ಕೇಳುವುದು ಎಂದೆ. ತಾವು ನಿಯಮದ ಪುಸ್ತಕವನ್ನು ನನ್ನೆದುರೇ ಮೊದಲಿಂದ ಕೊನೆಯವರೆಗೆ ಹುಡುಕಿದಿರಿ, ಅದೂ ಪ್ರಾಮಾಣಿಕವಾಗಿ. "ಅಂಥ ಒಂದು ಪಾತ್ರಾನೇ ಇಲ್ಲಿ ಇಲ್ವಲ್ಲ ಸಾರ್. ಇಲ್ಲದೇ ಇರೋದಕ್ಕೆ ನಾನು ಅನುಮತಿ ಹೇಗೆ ಕೊಡ್ಲಿ?" ಎಂದಿರಿ. ಆಮೇಲೆ ತಾವೇ ಕನಿಕರಪಟ್ಟು ಒಂದು ದಾರಿ ತೋರಿಸಿದಿರಿ. ನಾನೂ ಹಾರುವುದನ್ನು ಕಲಿತು ಪರವಾನಗಿ ಪಡೆದರೆ, ಅರ್ಜಿಯನ್ನು 'ಪರಿಶೀಲಿಸಬಹುದು'.

ನಾನು ಅದನ್ನೂ ಮಾಡಿದೆ. ನಗಬೇಡಿ. ಹದ್ದಜ್ಜನ ಬಳಿ ಹೋಗಿ ಸೇರಿಕೊಂಡೆ. ಕಲಿಯುವವರಿಗೆಂದು ಇರುವ ಹುಲ್ಲಿನ ಇಳಿಜಾರು ಮಕ್ಕಳ ಜಾರುಬಂಡೆಗಿಂತ ಸ್ವಲ್ಪ ಎತ್ತರ, ಅಷ್ಟೇ. ರೆಕ್ಕೆ ಹೊತ್ತು ಓಡಿದೆ. ಪಾದ ನೆಲದಿಂದ ಗೇಣುದ್ದ ಮೇಲೆ ಹೋಯಿತು. ನಾನು ಕಣ್ಣು ಮುಚ್ಚಿದೆ. ಹುಲ್ಲಿನಲ್ಲಿ ಮೂಗು ಊರಿ ಬಿದ್ದ ನನ್ನನ್ನು ಎಬ್ಬಿಸಿ ಹದ್ದಜ್ಜ, "ಕಣ್ಣು ಮುಚ್ಕೊಂಡು ಹಾರೋದನ್ನ ನಾನು ಯಾರಿಗೂ ಕಲಿಸಿಲ್ಲಪ್ಪ. ನೀವು ಅಂಗಡಿ ನೋಡ್ಕೊಂಡಿರಿ" ಎಂದರು. ಮತ್ತೆ ಮತ್ತೆ ಹೋದೆ. ಪ್ರತಿ ಸಲವೂ ನನ್ನ ರೆಪ್ಪೆ ನನ್ನ ಮಾತು ಕೇಳಲಿಲ್ಲ.

ಹಾಗಾದರೆ ಹೆಂಡತಿಗೆ ಹಾರಬೇಡ ಎನ್ನಬಾರದೇ ಎಂದು ತಾವು ಕೇಳಬಹುದು. ನಮ್ಮ ಅತ್ತೆಯೂ ದಿನಾ ಕೇಳುತ್ತಾರೆ. "ಅಳಿಯಂದ್ರೇ, ನೀವಾದ್ರೂ ಒಂದ್ಮಾತು ಗಟ್ಟಿಯಾಗಿ ಹೇಳಬಾರ್ದಾ?" ಹೇಳಲು ಹೋದೆ, ಅತ್ತೆಯ ಎದುರಲ್ಲೇ. ಅವಳು ಮಣಿಕಟ್ಟಿನ ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡು ಹಿಸುಕುತ್ತಾ ಕೂತಿದ್ದಳು. "ಕ್ಲಿನಿಕ್ಕಲ್ಲಿ ಎಲ್ಲರೂ ನನ್ನ ಮುಖ ನೋಡಿ ಹೆದರ್ತಾರೆ ರೀ" ಎಂದಳು. "ದಿನವಿಡೀ ಹೆದರಿದ ಮುಖಾನೇ ನೋಡ್ತೀನಿ. ಮೇಲೆ ಹೋದಾಗ ಒಂದೂ ಇರಲ್ಲ. ಅಷ್ಟನ್ನೂ ಬಿಡು ಅಂದ್ರೆ ಬಿಡ್ತೀನಿ. ನೀವು ಬಾಯಿಬಿಟ್ಟು ಬಿಡು ಅನ್ನಿ." ಬಿಡು ಅನ್ನುವುದನ್ನು ನಾನೇ ಬಿಟ್ಟೆ. ಅತ್ತೆ ಎದ್ದು ಒಳಗೆ ಹೋದರು. ಅವಳು ಚೆಂಡನ್ನು ಇನ್ನೊಂದು ಕೈಗೆ ಬದಲಾಯಿಸಿ, ಇನ್ನೂ ಒಂದು ಮಾತು ಹೇಳಿದಳು. "ಆದ್ರೆ ಈ ಸಲ ಹಗ್ಗದ ಹಿಂದಿನಿಂದ ಕೂಗ್ಬೇಡಿ. ಕೇಳಿಸಿದ್ರೆ ತಿರುಗಿ ನೋಡ್ತೀನಿ, ತಿರುಗಿದ್ರೆ ರೆಕ್ಕೆ ವಾಲುತ್ತೆ." ಅಲ್ಲಿಗೆ ಅದೂ ಹೋಯಿತು. ಇನ್ನು ನನ್ನ ಪಾಲಿಗೆ ಉಳಿದಿರುವುದು ಬಾಯಿ ಮುಚ್ಚಿಕೊಂಡು ನಿಂತು ನೋಡುವುದು.

ಹಾರುವ ಕಾಲ ಮತ್ತೆ ಶುರುವಾಗಿದೆ. ಬರುವ ಭಾನುವಾರ ಗಾಳಿ ಹದವಾಗಿ ಇರುತ್ತದಂತೆ, ಅವಳು ಹೊಸ ರೆಕ್ಕೆ ತರಿಸಿಕೊಂಡಿದ್ದಾಳೆ. ಕೊಂಡಿಯನ್ನು ಎರಡೆರಡು ಸಲ ನೋಡಿಕೊಳ್ಳುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದಾಳೆ. ನೋಡಿಕೊಳ್ಳುತ್ತಾಳೆ, ನಂಬುತ್ತೇನೆ. ಆದರೆ ಈಗ ಎರಡು ಚೀಟಿ, ಎರಡು ಸಲ ಬಿಚ್ಚಬೇಕು, ನಡುವೆ ಎಷ್ಟು ಜನ ಹಲ್ಲುನೋವಿನ ವಿಷಯ ತೆಗೆಯುತ್ತಾರೋ. ನನ್ನ ಬೇಡಿಕೆ ಇಷ್ಟೇ ಇತ್ತು. ತಮ್ಮ ಚೀಟಿಯವರು ರೆಕ್ಕೆ ಇದ್ದಲ್ಲಿಗೇ ನಡೆದು ಬರಲಿ, ಹಾರುವವರು ಹೆಸರಿಸಿದ ಒಬ್ಬರನ್ನು ಕಟ್ಟೆಯ ಮೇಲೆ ಬಿಡಲಿ. ಭಾನುವಾರದೊಳಗೆ ನಿಯಮ ಬದಲಾಗುವುದಿಲ್ಲವೆಂದು ತಮ್ಮ ಕಚೇರಿಯಲ್ಲಿ ವಿನಯದಿಂದಲೇ ತಿಳಿಸಿದ್ದಾರೆ. ಹಾಗಾಗಿ ನಿನ್ನೆ ಕೂತು ಆ ನಿಯಮವನ್ನು ಅಕ್ಷರ ಅಕ್ಷರ ಓದಿದೆ. ಪೈಲಟ್ಟನ್ನು ಬಿಟ್ಟರೆ ಕಟ್ಟೆಯ ಮೇಲೆ ನಿಲ್ಲಬಹುದಾದ ಇನ್ನೊಬ್ಬರೇ ಒಬ್ಬರು ಅದರಲ್ಲಿ ಇದ್ದಾರೆ. 'ಸುರಕ್ಷತಾ ಅಧಿಕಾರಿ.'

ತಾವೇ ಬನ್ನಿ. ಇದು ಕುಹಕವಲ್ಲ. ಇಷ್ಟು ಹೊತ್ತು ಆಡಿದ ಕುಹಕಕ್ಕೆಲ್ಲ ಬೇಕಾದರೆ ಕ್ಷಮೆ ಕೇಳುತ್ತೇನೆ, ತಾವು ಬನ್ನಿ. ಬೆಳಿಗ್ಗೆಯೇ ಬನ್ನಿ, ಅವಳು ಸುತ್ತು ಬರುವಾಗ ಮಾತಾಡಿಸಬೇಡಿ. ರೆಕ್ಕೆಯ ಮುಂದೆ, ಅಂಚಿನಿಂದ ಹಿಂದಕ್ಕೆ ನಿಂತು ಮೂತಿಯ ಎರಡು ತಂತಿಗಳನ್ನು ಹಿಡಿದುಕೊಳ್ಳಿ, ಬಿಗಿಯಾಗಿ, ಆದರೆ ಎಳೆಯಬೇಡಿ. ಗಾಳಿ ಬೀಸಿದಾಗ ರೆಕ್ಕೆ ತಮ್ಮ ಕೈಯಲ್ಲಿ ಮಿಸುಕಾಡುತ್ತದೆ, ಗಾಬರಿಯಾಗಬೇಡಿ. ಅವಳನ್ನು ಕೇಳಿ. ಅವಳು ತಲೆಯಾಡಿಸಿದರೆ ಒಪ್ಪಬೇಡಿ, ತಲೆ ಸುಮ್ಮನೆಯೂ ಆಡುತ್ತದೆ. ಬಾಯಿಬಿಟ್ಟು ಹೇಳಿಸಿ. ಹೇಳಿದ ಮೇಲೂ ನಂಬದೆ ಮಲಗಿಸಿ ನೋಡಿ. ಪಟ್ಟಿ ಬಿಗಿಯಾಗುವುದನ್ನು ತಮ್ಮ ಕಣ್ಣಿನಿಂದ ನೋಡಿ. "ಅಯ್ಯೋ, ಎಷ್ಟು ಸಲ ರೀ" ಎಂದು ಅವಳು ರೇಗುತ್ತಾಳೆ. ರೇಗಲಿ, ಅದಕ್ಕೆ ಸಿಟ್ಟಾಗಬೇಡಿ. ಅವಳ ಭಾರ ಪೂರ್ತಿ ಆ ಪಟ್ಟಿಯ ಮೇಲೆ ಬೀಳುವವರೆಗೆ, ದಯವಿಟ್ಟು, ತಂತಿ ಬಿಡಬೇಡಿ.

ಇಂತಿ,
ಹಾರಲೂ ಬಾರದ, ಹಾರುವವಳನ್ನು ಬಿಟ್ಟಿರಲೂ ಬಾರದ
ಒಬ್ಬ ಕನ್ನಡಕದ ಅಂಗಡಿಯವನು